ಮ್ಯೂನಿಕ್‌ನಲ್ಲಿ ಹಾಲಿಲ್ಲದ ಸಂಕ್ರಾಂತಿ

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಸಂಕ್ರಾಂತಿಯ ದಿನ ಮನೆಮನೆಗೆ ಬೀರುವ ಈ ಐದರಲ್ಲಿ ಒಂದೂ ಪ್ರಾಣಿಯಿಂದ ಬಂದದ್ದಲ್ಲ. ಜೊತೆಗಿಡುವ ಕಬ್ಬು, ಬಾಳೆಹಣ್ಣು, ಎಲಚಿಹಣ್ಣೂ ಅಷ್ಟೇ. ವೀಗನ್ ಆಗಿ, ಅಂದರೆ ಹಾಲು-ತುಪ್ಪವೂ ಸೇರಿ ಪ್ರಾಣಿಯಿಂದ ಬಂದ ಏನನ್ನೂ ಬಳಸದೆ ಆಚರಿಸಲು ಇಷ್ಟು ಸಲೀಸಾದ ಹಬ್ಬ ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಇದು ದನಗಳ ಹಬ್ಬವೂ ಹೌದು. ಹಾಗಾಗಿ ಪ್ರಾಣಿಗಳ ವಿಚಾರದಲ್ಲಿ ನಾವು ಆಡುವುದೊಂದು, ಮಾಡುವುದೊಂದು ಎಂಬುದು ಕಣ್ಣಿಗೆ ರಾಚುವುದೂ ಇದೇ ದಿನ. ಬೆಳಗ್ಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಹಾಕುತ್ತಾರೆ. ಸಂಜೆ ಅದೇ ಎತ್ತನ್ನು ಹಗ್ಗ ಹಿಡಿದೆಳೆದು ಉರಿಯುವ ಹುಲ್ಲಿನ ಮೇಲೆ ಹಾರಿಸುತ್ತಾರೆ. ಮೈಸೂರಿನ ಹತ್ತಿರದ ಸಿದ್ದಲಿಂಗಪುರದಲ್ಲಿ ಕಿಚ್ಚು ನೋಡಲೆಂದೇ ಜನ ಸೇರುತ್ತಾರೆ. ಮೈಗಂಟಿದ ಉಣ್ಣೆಹುಳ, ಹೇನು ಉದುರಿಹೋಗಲಿ ಎಂದು ಮಾಡುವುದು ಎನ್ನುತ್ತಾರೆ. ಅರೆಕ್ಷಣದ ಬೆಂಕಿಗೆ ಉಣ್ಣೆಹುಳ ಉದುರುವುದಾದರೆ ಪಶುವೈದ್ಯರು ಔಷಧಿ ಬರೆಯುವುದೇಕೆ?

ಜರ್ಮನಿಯ ಮ್ಯೂನಿಕ್‌ನ ಬಾಡಿಗೆ ಮನೆಯಲ್ಲಿ ದನವೂ ಇಲ್ಲ, ಕಿಚ್ಚೂ ಇಲ್ಲ. ಜನವರಿಯಲ್ಲಿ ಸೂರ್ಯ ಏಳುವುದು ಎಂಟರ ಹೊತ್ತಿಗೆ, ಮುಳುಗುವುದು ಸಂಜೆ ಐದರೊಳಗೆ. ಉತ್ತರಾಯಣ ಶುರುವಾಯಿತೆಂದು ಪಂಚಾಂಗ ನೋಡಿಯೇ ನಂಬಬೇಕು. ಹಬ್ಬವೆಂದರೆ ಇಲ್ಲಿ ಅಡುಗೆಮನೆ, ಮತ್ತು ವಾರಾಂತ್ಯಕ್ಕೆ ಸೇರುವ ನಾಲ್ಕಾರು ಕನ್ನಡ ಕುಟುಂಬಗಳು.

ತಯಾರಿ ಊರಿನಿಂದ ಹೊರಡುವಾಗಲೇ ಶುರುವಾಗಬೇಕು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ್ದನ್ನು ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಅಮ್ಮ ಕಾಸಿ ಕೊಟ್ಟ ತುಪ್ಪ, ಧಾರವಾಡದ ಪೇಡ ಸಿಕ್ಕಿಬಿದ್ದರೆ ಕಸ್ಟಮ್ಸ್‌ನವರ ಕಸದ ಬುಟ್ಟಿಗೆ. 2019ರ ಡಿಸೆಂಬರ್ 14ರಿಂದ ಹಸಿ ಹಣ್ಣು, ತರಕಾರಿ, ಎಲೆಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಮಾವಿನೆಲೆ, ಕಬ್ಬಿನ ಆಸೆ ಬಿಡಿ. ಗಿಟುಕು ಕೊಬ್ಬರಿ, ಅಚ್ಚುಬೆಲ್ಲ, ಮರದ ಸಕ್ಕರೆಯಚ್ಚು ತನ್ನಿ. ಕಬ್ಬಿನ ತುಂಡು ಏಷ್ಯಾದವರ ಅಂಗಡಿಯ ಫ್ರೀಜರ್‌ನಲ್ಲಿ ಸಿಗುತ್ತದೆ. ಅವರೆಕಾಳಿಗೆ ಇಂಡಿಯನ್ ಅಂಗಡಿಯಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಎಂಬ ಗುಜರಾತಿ ಹೆಸರಿನ ಫ್ರೋಜನ್ ಪ್ಯಾಕೆಟ್ ಹುಡುಕಿ. ಬಿಳಿ ಎಳ್ಳು ಟರ್ಕಿಯವರ ಅಂಗಡಿಯಲ್ಲಿ ಅಗ್ಗ. ಅಲ್ಲೇ ಸಿಗುವ ‘ಲೆಬ್ಲೆಬಿ’ ನೋಡಲು ಹುರಿಗಡಲೆಯ ಅಣ್ಣನಂತಿದ್ದರೂ ಅದು ಕಾಬೂಲಿ ಕಡಲೆಯದು, ಗಟ್ಟಿ. ಎಳ್ಳು-ಬೆಲ್ಲಕ್ಕೆ ಹೊಂದುವುದಿಲ್ಲ.

ಹತ್ತು ಮನೆಗೆ ಬೀರಲು ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ತಲಾ ಎರಡು ಬಟ್ಟಲು, ಎಳ್ಳು ಒಂದು ಬಟ್ಟಲು ಸಾಕು. ಕೆಡುವುದು ಬೆಲ್ಲದಲ್ಲೇ. ಇಲ್ಲಿ ಸಿಗುವ ಮೆತ್ತನೆಯ ಬೆಲ್ಲ ಚಾಕುವಿಗೆ ಅಂಟಿಕೊಳ್ಳುತ್ತದೆ. ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು ಕಡಲೆಕಾಳಿನಷ್ಟು ಗಾತ್ರಕ್ಕೆ ಹೆಚ್ಚಿ, ಬಟ್ಟೆ ಮುಚ್ಚಿ, ಹೀಟರ್ ಹತ್ತಿರ ಒಂದು ದಿನ ಹರಡಿಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ತುಂಬ ಒಣ, ಊರಿನ ಬಿಸಿಲಿಗಿಂತ ಚೆನ್ನಾಗಿ ಆರುತ್ತದೆ. ಕೊಬ್ಬರಿ ಕೊಳ್ಳುವ ಮೊದಲು ಮೂಸಿ ನೋಡಿ, ಕಮಟು ವಾಸನೆ ಬಂದರೆ ಅಲ್ಲೇ ಬಿಡಿ. ಮೇಲಿನ ಕಂದು ಸಿಪ್ಪೆಯನ್ನು ತುರಿಮಣೆಯಲ್ಲಿ ತೆಳ್ಳಗೆ ಉಜ್ಜಿ ತೆಗೆದು ಸಣ್ಣಗೆ ಹೆಚ್ಚಿ. ಕಡಲೆಬೀಜ ಉಪ್ಪಿಲ್ಲದ, ಹಸಿಯದೇ ಆಗಬೇಕು. ಓವನ್‌ನಲ್ಲಿ 160 ಡಿಗ್ರಿಗೆ 15ರಿಂದ 18 ನಿಮಿಷ ಹುರಿದು, ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು ಬೇಳೆ ಮಾಡಿ. ಎಳ್ಳು ಸಣ್ಣ ಉರಿಯಲ್ಲಿ ಚಟಪಟ ಎಂದ ಕೂಡಲೇ ಬೇರೆ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಹಿಯಾಗುತ್ತದೆ. ಎಲ್ಲವೂ ಪೂರ್ತಿ ತಣ್ಣಗಾದ ಮೇಲೆ ಬೆಲ್ಲ ಬೆರೆಸಿ. ಒಂದು ಪದಾರ್ಥದಲ್ಲಿ ಬಿಸಿ ಉಳಿದಿದ್ದರೂ ಮರುದಿನ ಡಬ್ಬದಲ್ಲಿ ಉಂಡೆ ಸಿಗುತ್ತದೆ.

ಎಳ್ಳು-ಬೆಲ್ಲಕ್ಕೆ ಬಣ್ಣ ಬರಲೆಂದು ಸೇರಿಸುವ ಮಿಠಾಯಿಯನ್ನು ಮಾತ್ರ ಓದಿ ಕೊಳ್ಳಬೇಕು. ಕೆಂಪು ಬಣ್ಣಕ್ಕೆ ಇ120 ಎಂದಿದ್ದರೆ ಅದು ಕೊಚಿನಿಯಲ್ ಎಂಬ ಹುಳುವನ್ನು ಒಣಗಿಸಿ ಅರೆದದ್ದು. ಹೊಳಪಿಗೆ ಇ904 ಎಂದಿದ್ದರೆ ಅರಗಿನ ಹುಳದ ಅಂಟು. ಮಕ್ಕಳಿಗೆ ಹಂಚುವ ಜೆಲ್ಲಿಯಲ್ಲಿ ಜೆಲಟಿನ್ ಇರುತ್ತದೆ, ಇಲ್ಲಿ ಅದು ಬಹುಪಾಲು ಹಂದಿಯ ಚರ್ಮದ್ದು. ಮನೆಯಲ್ಲಿ ಮೊಟ್ಟೆಯನ್ನೂ ತರದ ಸಸ್ಯಾಹಾರಿಗಳು ಮಗುವಿನ ಕೈಗೆ ಜೆಲ್ಲಿ ಕರಡಿ ಕೊಡುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸನ್ನು ನಿಯಮದ ಪ್ರಕಾರ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದಲೇ ಹೆಪ್ಪುಗಟ್ಟಿಸಬೇಕು. ‘ನಾವು ಪ್ಯೂರ್ ವೆಜ್’ ಎನ್ನುವವರ ಪಾಸ್ತಾ ಮೇಲೆ ಅದೂ ಉದುರುತ್ತದೆ.

ಸಕ್ಕರೆಯಚ್ಚಿಗೆ ಅಜ್ಜಿಯರು ಪಾಕಕ್ಕೆ ಒಂದೆರಡು ಚಮಚ ಹಾಲು ಹಾಕುತ್ತಿದ್ದರು. ಅದು ರುಚಿಗಲ್ಲ. ಕುದಿಯುವಾಗ ಹಾಲಿನ ಪ್ರೋಟೀನ್ ಹೆಪ್ಪುಗಟ್ಟಿ ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಆ ನೊರೆ ತೆಗೆದುಹಾಕುತ್ತಿದ್ದರು. ಇಂದಿನ ಬಿಳಿ ಸಕ್ಕರೆಯಲ್ಲಿ ತೆಗೆಯುವಷ್ಟು ಕೊಳೆಯೇ ಇಲ್ಲ, ಹಾಲು ಬಿಟ್ಟರೂ ಅಚ್ಚು ಬೆಳ್ಳಗೇ ಬರುತ್ತದೆ. ಜರ್ಮನಿಯ ಅಂಗಡಿಗಳ ಮಾಮೂಲಿ ಸಕ್ಕರೆ ಬೀಟ್‌ನಿಂದ ಮಾಡಿದ್ದಾದ್ದರಿಂದ ಇನ್ನೊಂದು ತಲೆನೋವೂ ಇಲ್ಲ. ಅಮೆರಿಕದ ಕೆಲವು ಕಾರ್ಖಾನೆಗಳಲ್ಲಿ ಕಬ್ಬಿನ ಸಕ್ಕರೆಯನ್ನು ದನದ ಮೂಳೆ ಸುಟ್ಟ ಇದ್ದಿಲಿನಲ್ಲಿ ಶೋಧಿಸುತ್ತಾರೆ. ಅಲ್ಲಿರುವ ಕನ್ನಡಿಗರು ಬೀಟ್ ಸಕ್ಕರೆಯನ್ನೋ ಆರ್ಗಾನಿಕ್ ಸಕ್ಕರೆಯನ್ನೋ ಆರಿಸಿಕೊಳ್ಳಬೇಕು.

ಅಚ್ಚನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಬಿಗಿಯಾಗಿ ಕಟ್ಟಿಡಿ. ಅರ್ಧ ಕೆಜಿ ಸಕ್ಕರೆಗೆ ಒಂದು ಲೋಟ ನೀರು, ನಾಲ್ಕು ಹನಿ ನಿಂಬೆರಸ. ಎಳೆ ಪಾಕ ದಾಟಿ ಗಟ್ಟಿಯಾಗುತ್ತ ಬಂದಾಗ ಒಂದು ಸೌಟಿನಷ್ಟನ್ನು ಸಣ್ಣ ಪಾತ್ರೆಗೆ ಹಾಕಿಕೊಂಡು, ಪಾತ್ರೆಯ ಬದಿಗೆ ಉಜ್ಜುತ್ತ ಕಲಸಿ. ಮಬ್ಬಾಗಿ ಬೆಳ್ಳಗಾದ ಕ್ಷಣವೇ ಅಚ್ಚಿಗೆ ಸುರಿಯಬೇಕು. ಹತ್ತು ನಿಮಿಷ ಬಿಟ್ಟು ಬಿಚ್ಚಿ. ಮರಕ್ಕೆ ಅಂಟಿದರೆ ಪಾಕ ಎಳಸು ಅಥವಾ ಅಚ್ಚು ನೆನೆದಿಲ್ಲ. ಪುಡಿಪುಡಿಯಾದರೆ ಪಾಕ ಮೀರಿದೆ. ನಿಂಬೆರಸ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ, ಎಷ್ಟು ಹೊತ್ತು ಕಾದರೂ ಅಂಟಂಟು. ಬಣ್ಣ ಬೇಕಿದ್ದರೆ ಎರಡು ಹನಿ ಬೀಟ್‌ರೂಟ್ ರಸ ಸಾಕು.

ಪೊಂಗಲ್‌ಗೆ ಮುಂಚೆ ಹಾಲು ಉಕ್ಕಿಸುವ ಶಾಸ್ತ್ರ ಕೆಲವು ಮನೆಗಳಲ್ಲಿದೆ. ಇದಕ್ಕೆ ಓಟ್ಸ್ ಹಾಲು ಅಷ್ಟಾಗಿ ಒಗ್ಗದು. ಪಿಷ್ಟ ಇರುವುದರಿಂದ ಗಂಜಿಯಂತಾಗಿ ತಳ ಹಿಡಿಯಬಹುದು. ಸೋಯಾ ಹಾಲು ಹಾಗಲ್ಲ, ಕಣ್ಣು ಅತ್ತ ಹೋದರೆ ಒಲೆ ತುಂಬ. ಸಿಹಿ ಸೇರಿಸದ ಡಬ್ಬವನ್ನೇ ಕೊಳ್ಳಿ. ಇಲ್ಲಿಯ ಗಾಜಿನ ಒಲೆಯ ಮೇಲೆ ಸಕ್ಕರೆ ಸುಟ್ಟು ಹಿಡಿದರೆ ಗಾಜು ಕಿತ್ತುಬಂದು ಗುಳಿ ಬೀಳುತ್ತದೆ, ಮನೆ ಖಾಲಿ ಮಾಡುವಾಗ ಮಾಲೀಕರು ಡಿಪಾಸಿಟ್‌ನಲ್ಲಿ ಹಿಡಿಯುತ್ತಾರೆ. ಅಂದ ಹಾಗೆ, ಅಂಗಡಿಯಲ್ಲಿ ‘ಸೋಯಾ ಹಾಲು’ ಎಂದು ಹುಡುಕಿದರೆ ಸಿಗದು. 2017ರಲ್ಲಿ ಐರೋಪ್ಯ ನ್ಯಾಯಾಲಯ ಹಾಲು, ಬೆಣ್ಣೆ ಎಂಬ ಹೆಸರುಗಳು ಪ್ರಾಣಿಯ ಹಾಲಿಗೇ ಮೀಸಲು ಎಂಬ ನಿಯಮವನ್ನು ಎತ್ತಿಹಿಡಿಯಿತು. ಆದ್ದರಿಂದ ಡಬ್ಬದ ಮೇಲೆ ‘ಡ್ರಿಂಕ್’ ಎಂದಿರುತ್ತದೆ. ತೆಂಗಿನ ಹಾಲಿಗೆ ಮಾತ್ರ ಹಳೆಯ ಹೆಸರು ಉಳಿದಿದೆ.

ಸಿಹಿ ಪೊಂಗಲ್‌ಗೆ ಒಂದು ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹುರಿದ ಹೆಸರುಬೇಳೆ, ಐದು ಬಟ್ಟಲು ನೀರು. ಸೋನಾಮಸೂರಿ ಸಿಗದಿದ್ದರೆ ‘ಮಿಲ್ಶ್‌ರೈಸ್’ ಎಂಬ ಗುಂಡಕ್ಕಿ ಚೆನ್ನಾಗಿ ಮುದ್ದೆಯಾಗುತ್ತದೆ; ಹೆಸರಲ್ಲಿ ಹಾಲಿದ್ದರೂ ಅದು ಬರೀ ಅಕ್ಕಿ. ಅನ್ನ ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವ ತನಕ ಬೆಲ್ಲ ಹಾಕಬೇಡಿ, ಹಾಕಿದ ಮೇಲೆ ಅಕ್ಕಿ ಬೇಯುವುದಿಲ್ಲ. ಒಂದೂವರೆ ಬಟ್ಟಲು ಬೆಲ್ಲವನ್ನು ಕರಗಿಸಿ ಸೋಸಿ ಸೇರಿಸಿ ಕುದಿಸಿ, ಒಲೆ ಆರಿಸಿದ ಮೇಲೆ 200 ಮಿಲಿ ಗಟ್ಟಿ ತೆಂಗಿನ ಹಾಲು. ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಬಿಡುತ್ತದೆ. ತುಪ್ಪದ ಘಮಕ್ಕೆ ನಕಲು ಹುಡುಕಬೇಡಿ. ಆ ಘಮ ಹಾಲಿನ ಗಷ್ಟು ಹುರಿದಾಗ ಬರುವಂಥದ್ದು, ಎಣ್ಣೆಯಲ್ಲಿ ಹುಟ್ಟುವುದಿಲ್ಲ. ಮಾರ್ಗರೀನ್‌ನಲ್ಲಿ ನೀರಿರುವುದರಿಂದ ಗೋಡಂಬಿ ಹಾಕಿದರೆ ಸಿಡಿಯುತ್ತದೆ. ಮೂರು ಚಮಚ ತೆಂಗಿನೆಣ್ಣೆಯಲ್ಲಿ ಗೋಡಂಬಿ, ದ್ರಾಕ್ಷಿ, ಒಂದು ಹಿಡಿ ಹಸಿಕಾಯಿತುರಿ ಕೆಂಪಗೆ ಹುರಿದು ಹಾಕಿದರೆ ಕರಾವಳಿಯವರ ಮೂಗು ಮೊದಲು ಒಪ್ಪುತ್ತದೆ, ಬಯಲುಸೀಮೆಯವರದು ಎರಡನೇ ತುತ್ತಿಗೆ.

ವೀಗನ್‌ಗಳೂ ಬೀಗುವ ಹಾಗಿಲ್ಲ. ಥಾಯ್ಲೆಂಡಿನ ಕೆಲವು ತೋಟಗಳಲ್ಲಿ ಕೋತಿಗಳನ್ನು ಸರಪಳಿಯಲ್ಲಿಟ್ಟು ಪಳಗಿಸಿ ತೆಂಗಿನಕಾಯಿ ಕೀಳಿಸುತ್ತಾರೆ. 2020ರಲ್ಲಿ ಬ್ರಿಟನ್ನಿನ ಹಲವು ಸೂಪರ್‌ಮಾರ್ಕೆಟ್‌ಗಳು ಈ ಕಾರಣಕ್ಕೆ ಕೆಲವು ಬ್ರ್ಯಾಂಡ್‌ಗಳನ್ನು ಕಪಾಟಿನಿಂದ ಇಳಿಸಿದವು. ಹಸುವನ್ನು ಬಿಟ್ಟು ಕೋತಿಯನ್ನು ಹಿಡಿದಂತಾಗಬಾರದೆಂದರೆ ಡಬ್ಬದ ಹಿಂದಿನ ದೇಶದ ಹೆಸರು ಓದಿ ಶ್ರೀಲಂಕಾದ್ದನ್ನು ತೆಗೆದುಕೊಳ್ಳಬಹುದು.

ಊಟಕ್ಕೆ ಕೂತಾಗ ಕೇಳಿಬರುವ ಪ್ರಶ್ನೆ ಒಂದೇ: ‘ಹಾಲು ಕರೆದರೆ ಹಸು ಸಾಯುತ್ತದಾ?’ ಹಸು ಸಾಯುವುದಿಲ್ಲ, ಕರುವಿನ ಕಥೆ ಕೇಳಿ. ಕರು ಹಾಕದೆ ಹಾಲಿಲ್ಲ. ಗರ್ಭ ಸುಮಾರು 280 ದಿನ. ಹಾಲು ನಿಲ್ಲಬಾರದೆಂದರೆ ಹೆಚ್ಚುಕಡಿಮೆ ವರ್ಷಕ್ಕೊಂದು ಕರು, ಅದರಲ್ಲಿ ಅರ್ಧ ಗಂಡು. ಹಳ್ಳಿಕಾರ್, ಅಮೃತಮಹಲ್ ತಳಿಯ ಗಂಡು ಕರುವಿಗೆ ಹಿಂದೆ ನೇಗಿಲಿತ್ತು, ಗಾಡಿಯಿತ್ತು. ಈಗ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆಯಲ್ಲಿರುವುದು ಡುಬ್ಬವಿಲ್ಲದ ಮಿಶ್ರತಳಿ. ಅದರ ಗಂಡು ಕರುವನ್ನು ಸಾಕುವವರಿಲ್ಲ. ಕರ್ನಾಟಕದ 2020ರ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ಹತ್ಯೆಯನ್ನು ನಿಷೇಧಿಸಿದೆ. ಹದಿಮೂರು ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ಆ ರಕ್ಷೆ ಇಲ್ಲ. ದೇಶದ ಹಾಲಿನಲ್ಲಿ ಅರ್ಧಕ್ಕೆ ಹತ್ತಿರ ಎಮ್ಮೆಯದು, ಎಮ್ಮೆ ಮಾಂಸದ ರಫ್ತಿನಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಇಬ್ಬರ ಹಾಲೂ ಬಿಳಿಯೇ. ಒಬ್ಬಳಿಗೆ ಆರತಿ, ಇನ್ನೊಬ್ಬಳ ಸಂಸಾರಕ್ಕೆ ಯಮನ ವಾಹನವೆಂಬ ಹೆಸರು.

ಇದು ನಮ್ಮವರ ಹಣೆಬರಹ ಮಾತ್ರ ಎಂದುಕೊಳ್ಳಬೇಕಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಆಲ್ಪ್ಸ್ ತಪ್ಪಲಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬೆಟ್ಟದ ಹುಲ್ಲುಗಾವಲಿನಿಂದ ದನಗಳನ್ನು ಇಳಿಸಿ ತರುವ ‘ಆಲ್ಮ್‌ಆಬ್‌ಟ್ರೀಬ್’ ನೋಡಿದರೆ ಮಂಡ್ಯದ ಸಂಕ್ರಾಂತಿಯೇ. ಕೊರಳಿಗೆ ದೊಡ್ಡ ಗಂಟೆ, ತಲೆಗೆ ಹೂವಿನ ಕಿರೀಟ. ಬೇಸಿಗೆಯಲ್ಲಿ ಮಂದೆಯಲ್ಲೊಂದು ಪ್ರಾಣಿ ಸತ್ತಿದ್ದರೆ ಆ ವರ್ಷ ಅಲಂಕಾರ ಮಾಡದೆ ಸೂತಕ ಹಿಡಿಯುತ್ತಾರೆ. ಅದೇ ಊರಿನ ಹೋಟೆಲಿನ ಪಟ್ಟಿಯಲ್ಲಿ ಕರುವಿನ ಮಾಂಸ. 2002ರಲ್ಲಿ ಪ್ರಾಣಿ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿದ ದೇಶವಿದು. ಗಂಡು ಕೋಳಿಮರಿಗಳನ್ನು ಹುಟ್ಟಿದೊಡನೆ ಸಾಯಿಸುವುದನ್ನು 2022ರಿಂದ ನಿಲ್ಲಿಸಿದೆ. ಡೈರಿಯ ಕರುವನ್ನು ತಾಯಿಯಿಂದ ಬೇರ್ಪಡಿಸಿ ಬೇರೆಡೆಗೆ ಸಾಗಿಸುವುದನ್ನು ನಿಲ್ಲಿಸಿಲ್ಲ, ಸಾಗಿಸುವ ಹೊತ್ತಿಗೆ ಕರುವಿಗೆ 28 ದಿನ ತುಂಬಿರಬೇಕು ಎಂದಿದೆ ಅಷ್ಟೆ. ನಮ್ಮವರು ಇಲ್ಲಿಯವರನ್ನು ದನ ತಿನ್ನುವವರು ಎನ್ನುತ್ತಾರೆ, ಇಲ್ಲಿಯವರು ನಮ್ಮ ಬೀದಿ ಹಸು ಪ್ಲಾಸ್ಟಿಕ್ ತಿನ್ನುವುದನ್ನು ತೋರಿಸುತ್ತಾರೆ. ಇಬ್ಬರ ಫ್ರಿಜ್‌ನಲ್ಲೂ ಒಂದೇ ಹಾಲು.

ಉಡುಗೆಯದೂ ಒಂದು ಮಾತಿದೆ. ರೇಷ್ಮೆ ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡಿನ ಎಳೆ ತುಂಡಾಗುತ್ತದೆ. ಆದ್ದರಿಂದ ಒಳಗಿರುವಾಗಲೇ ಹಬೆಗೋ ಬಿಸಿಗಾಳಿಗೋ ಒಡ್ಡಿ ಸಾಯಿಸುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡು. ಹಬ್ಬಕ್ಕೆ ಉಡುಪಿಯ ಹತ್ತಿ ಸೀರೆ ಸಾಲದೇ? ಮನೆಯಲ್ಲಿರುವ ಹಳೆಯ ರೇಷ್ಮೆಯನ್ನು ಎಸೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಎಸೆದರೆ ಹುಳು ಬದುಕಿ ಬರುವುದಿಲ್ಲ, ಉಡಿ. ಹೊಸದು ಕೊಳ್ಳದಿದ್ದರೆ ಆಯಿತು.

ಗೋಪೂಜೆಯ ಬದಲಿಗೆ ಏನು ಎನ್ನುವವರಿಗೆ ಇಲ್ಲಿ ‘ಲೇಬೆನ್ಸ್‌ಹೋಫ್’ಗಳಿವೆ. ಡೈರಿಯಿಂದ, ಕಸಾಯಿಖಾನೆಯಿಂದ ಬಿಡಿಸಿ ತಂದ ಹಸುಗಳು ಮುಪ್ಪಿನ ತನಕ ಇರುವ ತೋಟಗಳು. ಹೋಗುವ ಮೊದಲು ಕೇಳಿಕೊಂಡು ಹೋಗಿ, ಸಾಮಾನ್ಯವಾಗಿ ವಾರಾಂತ್ಯದ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ. ಕುಂಕುಮ, ಬಣ್ಣ ಬೇಡ. ಊರಿನಲ್ಲಿ ಹಬ್ಬದ ದಿನ ಹತ್ತು ಮನೆಯವರು ಹತ್ತು ಬಟ್ಟಲು ಪೊಂಗಲ್, ಬಾಳೆಹಣ್ಣು, ಬೆಲ್ಲವನ್ನು ಒಂದೇ ಹಸುವಿಗೆ ಪ್ರೀತಿಯಿಂದ ತಿನ್ನಿಸುತ್ತಾರೆ. ಮೇವು ಅರಗಿಸುವ ಅದರ ಹೊಟ್ಟೆಯಲ್ಲಿ ಅನ್ನ, ಬೆಲ್ಲ ವೇಗವಾಗಿ ಹುದುಗಿ ಹುಳಿಯೇರುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಜಾಸ್ತಿಯಾದರೆ ಹಸು ನೆಲ ಹಿಡಿಯುತ್ತದೆ. ಹಾಗಾಗಿ ಒಣಹುಲ್ಲಿನ ಒಂದು ಪಿಂಡಿಗಾಗುವಷ್ಟು ದುಡ್ಡು ಕೊಟ್ಟು, ಎಳ್ಳು-ಬೆಲ್ಲದ ಪೊಟ್ಟಣವನ್ನು ಅಲ್ಲಿ ಸಗಣಿ ಬಾಚುವವರ ಕೈಗೆ ಕೊಡಿ.