ಅವು ಹೋಗ್ಲಿ, ಆಮೇಲೆ ಕಡಿಯೂದು

"ಒಳಗೆ ಮರಿ ಕೂಗ್ತಾವೆ ಹೆಗಡೇರೇ. ಅವು ಹೋಗ್ಲಿ, ಆಮೇಲೆ ಕಡಿಯೂದು."

ಮರ ಕಡಿಯಲು ಬಂದವರೇ ಹೇಳಿದ ಮಾತಿದು. ಈ ವಾರವೆಲ್ಲ ಕಿವಿಯಲ್ಲಿ ಇದೇ ಇದೆ.

ಕೊಟ್ಟಿಗೆ ಹಿಂದಿನ ತೆಂಗಿನ ಮರ ಸುಳಿ ಕೊಳೆತು ಸತ್ತಿದೆ. ಬರೀ ಕಾಂಡ ನಿಂತಿದೆ. ಮಳೆಗೆ ಮೊದಲೇ ತೆಗೆಸಬೇಕು ಅಂತ ಚಿಕ್ಕಪ್ಪನ ಹಟ. ಶಿರಸಿ ಮಳೆ ಗೊತ್ತಲ್ಲ, ಅವರ ಹೆದರಿಕೆ ಸುಳ್ಳಲ್ಲ. ಆದರೆ ಅದೇ ಕಾಂಡದಲ್ಲಿ ಹೊಂಬೆನ್ನಿನ ಮರಕುಟಿಗ ಗೂಡು ಮಾಡಿದೆ.

ನಾನು ಮಹಡಿ ಕಿಟಕಿಯಿಂದಲೇ ಫೋಟೋ ತೆಗೆಯುತ್ತೇನೆ. ಫ್ಲ್ಯಾಶ್ ಇಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮರಿ ಇರುವಾಗ ತಾಯಿ ತಂದೆಯ ಗಮನ ಎಳೆಯೋದು ಯಾವ ಪ್ರೀತಿ? ಗಂಡಿನ ನೆತ್ತಿ ಪೂರ್ತಿ ಕೆಂಪು. ಹೆಣ್ಣಿನದು ಮುಂದೆ ಕಪ್ಪು, ಮೇಲೆ ಬಿಳಿ ಚುಕ್ಕೆ, ಹಿಂದೆ ಮಾತ್ರ ಕೆಂಪು. ಬಾಲವನ್ನು ಕಾಂಡಕ್ಕೆ ಊರಿ, ತೂತಿನ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ಇದ್ದು, ಆಮೇಲೆ ತಲೆ ಒಳಗೆ ಹಾಕುತ್ತವೆ. ಕತ್ತಲಾಗುವಾಗ ಗಂಡು ಒಳಗೆ ಹೋಗುತ್ತದೆ. ಮರಕುಟಿಗಗಳಲ್ಲಿ ರಾತ್ರಿ ಗೂಡು ಕಾಯೋದು ಹೆಚ್ಚಾಗಿ ಅಪ್ಪನೇ.

ಆ ದಿನ ಮರ ಕಡಿಯುವವರು ಬಂದು ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಒಮ್ಮೆ ತಟ್ಟಿದರು. ಕೊಡಲಿ ಕೆಳಗಿಟ್ಟು ಕಿವಿ ಹಚ್ಚಿದರು. "ಒಳಗೆ ಮರಿ ಕೂಗ್ತಾವೆ ಹೆಗಡೇರೇ."

"ಕೊಟ್ಟಿಗೆ ಮೇಲೆ ಬಿದ್ರೆ ಎಂತ ಮಾಡೂದು?" ಅಂದರು ಚಿಕ್ಕಪ್ಪ.

"ಅವು ಹೋಗ್ಲಿ, ಆಮೇಲೆ ಕಡಿಯೂದು." ಅಷ್ಟೇ. ಆ ದಿನದ ಕೂಲಿ ಬಿಟ್ಟು ಹೊರಟೇಬಿಟ್ಟರು.

ಮೊಟ್ಟೆ ಒಡೆದ ಮೇಲೆ ಮರಿ ಹಾರಲು ಸುಮಾರು 20 ದಿನ ಬೇಕು, ಅಷ್ಟು ತಡೆಯಿರಿ ಅಂತ ನಾನು ಫೋಟೋ ತೋರಿಸಿ ಹೇಳಿದಾಗ ಚಿಕ್ಕಪ್ಪ ತಲೆ ಆಡಿಸಿ ಎದ್ದುಹೋಗಿದ್ದರು. ಕೊಡಲಿ ಹಿಡಿದವರ ಮಾತಿಗೆ ಎದುರು ಹೇಳಲಿಲ್ಲ. ಚಿಕ್ಕಪ್ಪ ಕೆಟ್ಟವರಲ್ಲ. ಸತ್ತ ಮರ ಅಂದರೆ ಸೌದೆ ಅಂತ ನಮ್ಮೂರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ, ಅವರೂ ಹಾಗೇ. ತೋಟ, ಬೆಟ್ಟ ಎಲ್ಲ ಕಡೆ ಒಣ ಮರ ಕಂಡರೆ ತೆಗೆದುಬಿಡುತ್ತೇವೆ. ಹಾಗಾದರೆ ಮರಕುಟಿಗ ಎಲ್ಲಿ ತೂತು ಕೊರೀಬೇಕು? ಅದು ಬಿಟ್ಟುಹೋದ ತೂತಿನಲ್ಲೇ ಮೈನಾ, ಮಡಿವಾಳ ಹಕ್ಕಿ, ಗಿಳಿ ಎಲ್ಲ ಸಂಸಾರ ಮಾಡುತ್ತವೆ. ಅವಕ್ಕೆ ತಾವೇ ಮರ ಕೊರೆಯೋ ಕೊಕ್ಕಿಲ್ಲ.

ಮರಿ ಹಾರಿದ ಮೇಲೆ ತೂತಿನಿಂದ ಮೇಲಿನದನ್ನಷ್ಟೇ ಕಡಿಸಿ, ಕೆಳಗಿನ ತುಂಡು ಬಿದ್ದರೂ ಕೊಟ್ಟಿಗೆಗೆ ಮುಟ್ಟಲ್ಲ ಅಂತ ಚಿಕ್ಕಪ್ಪನನ್ನು ಕೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.