ಉಲ್ಟಾ ಲೋಕದ ಹಗ್ಗ

ಸೂಪರ್‌ವುಮನ್ ಅಂದ ಕೂಡಲೇ ಹೆಚ್ಚಿನವರು ಸೂಪರ್‌ಮ್ಯಾನ್‌ನ ಹೆಣ್ಣು ರೂಪ ಅಂದುಕೊಳ್ಳುತ್ತಾರೆ. ಹೆಸರೇ ಹಾಗಿದೆ, ಅವರ ತಪ್ಪೇನಿಲ್ಲ. ಡಿಸಿ ಕಾಮಿಕ್ಸ್‌ನಲ್ಲಿ ಈ ಹೆಸರು ಇಟ್ಟುಕೊಂಡವರು ಒಬ್ಬರಲ್ಲ, ಹಲವರಿದ್ದಾರೆ. ನಾನು ಹೇಳುತ್ತಿರುವುದು ಆ ಕಥೆಗಳಲ್ಲಿ ಬರುವ ಅರ್ತ್-3 ಅನ್ನುವ ಇನ್ನೊಂದು ಭೂಮಿಯ ಸೂಪರ್‌ವುಮನ್ ಬಗ್ಗೆ. ಅವಳು ವಂಡರ್ ವುಮನ್‌ಳ ಉಲ್ಟಾ. ಅವಳೂ ಅಮೆಜಾನ್ ಅನ್ನುವ ಯೋಧೆಯರ ಕುಲದ ಹೆಣ್ಣೇ, ಅದೇ ಬಲ, ಕೈಯಲ್ಲಿ ಅದೇ ಥರದ ಹಗ್ಗ. ಬುದ್ಧಿ ಮಾತ್ರ ಬೇರೆ.

ನನ್ನ ಕಣ್ಣು ಮೊದಲಿಂದಲೂ ಆ ಹಗ್ಗದ ಮೇಲೆ.

ಚಿಕ್ಕವರಿದ್ದಾಗ ನಾನು, ಅಕ್ಕ 'ಉಲ್ಟಾ ಲೋಕ' ಅಂತ ಒಂದು ಆಟ ಆಡುತ್ತಿದ್ದೆವು. ಬಾ ಅಂದರೆ ಹೋಗಬೇಕು. ಹೌದು ಅಂದರೆ ಅಲ್ಲ. ಐದು ನಿಮಿಷಕ್ಕೆಲ್ಲ ಜಗಳ ಶುರು. ಯಾಕಂದ್ರೆ ಕೆಲವು ಮಾತಿಗೆ ಉಲ್ಟಾ ಯಾವುದು ಅಂತಲೇ ಗೊತ್ತಾಗುವುದಿಲ್ಲ. 'ನೀರು ಕುಡಿ' ಅಂದರೆ ಕುಡಿಯದೆ ಸುಮ್ನೆ ಇರಬೇಕಾ, ಕುಡಿದದ್ದನ್ನು ಉಗುಳಬೇಕಾ? ಅಕ್ಕ ಉಗುಳುತ್ತಿದ್ದಳು. ನನ್ನ ಮೇಲೆ.

ಅರ್ತ್-3 ಕೂಡ ಅಂಥದ್ದೇ ಆಟ. 1964ರಲ್ಲಿ 'ಜಸ್ಟಿಸ್ ಲೀಗ್ ಆಫ್ ಅಮೆರಿಕ'ದ 29ನೇ ಸಂಚಿಕೆಯಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು, ಮೈಕ್ ಸೆಕೋವ್ಸ್ಕಿ ಚಿತ್ರ ಬಿಡಿಸಿದ ಲೋಕ. ಅಲ್ಲಿ ಕೊಲಂಬಸ್ ಅಮೆರಿಕದವನು, ಹಡಗು ಹತ್ತಿ ಹೋಗಿ ಯೂರೋಪ್ ಕಂಡುಹಿಡಿಯುತ್ತಾನೆ. ನಮ್ಮಲ್ಲಿ ಲಿಂಕನ್‌ಗೆ ಗುಂಡು ಹೊಡೆದ ಬೂತ್ ಅಲ್ಲಿ ಅಧ್ಯಕ್ಷ, ಅವನಿಗೆ ಗುಂಡು ಹೊಡೆದವನು ಲಿಂಕನ್. ನಮ್ಮ ಉಗುಳುವ ಆಟಕ್ಕಿಂತ ಇದೇನೂ ಗಂಭೀರವಲ್ಲ, ನೋಡಿ. ಆ ಭೂಮಿಯಲ್ಲಿ ಸೂಪರ್ ಹೀರೋಗಳೇ ಇಲ್ಲ. ಇರುವವರು ಐದು ಜನ ಕಳ್ಳರು: ಅಲ್ಟ್ರಾಮ್ಯಾನ್, ಔಲ್‌ಮ್ಯಾನ್, ಪವರ್ ರಿಂಗ್, ಜಾನಿ ಕ್ವಿಕ್, ಮತ್ತೆ ನಮ್ಮ ಸೂಪರ್‌ವುಮನ್. ತಂಡದ ಹೆಸರು ಕ್ರೈಮ್ ಸಿಂಡಿಕೇಟ್. ಅಡ್ಡ ಬರುವವರೇ ಇಲ್ಲದೆ ಅವರ ಕೈ ಜಡ್ಡು ಹಿಡಿದಿದೆ. ಅದಕ್ಕೇ ಬೇರೆ ಭೂಮಿಗೆ ಬಂದು ಜಗಳ ತೆಗೆಯುತ್ತಾರೆ. ಕ್ರಿಪ್ಟೋನೈಟ್ ಅನ್ನುವ ಕಲ್ಲು ತಗಲಿದರೆ ಸೂಪರ್‌ಮ್ಯಾನ್ ಕುಸಿಯುತ್ತಾನೆ, ಅಲ್ಟ್ರಾಮ್ಯಾನ್‌ಗೆ ಹೊಸ ಶಕ್ತಿ ಬರುತ್ತದೆ. ಇದು ಸಲೀಸಾದ ಉಲ್ಟಾ.

ವಂಡರ್ ವುಮನ್‌ಳ ಸತ್ಯ ಹೇಳಿಸುವ ಹಗ್ಗಕ್ಕೆ ಉಲ್ಟಾ ಯಾವುದು?

ಫಾಕ್ಸ್ ಆ ಪ್ರಶ್ನೆಯ ಗೋಜಿಗೇ ಹೋಗಲಿಲ್ಲ. ಅವರ ಸೂಪರ್‌ವುಮನ್‌ಳ ಹಗ್ಗ ಅವಳು ಬಯಸಿದ ಆಕಾರ ತಾಳುತ್ತದೆ. ಓದಲು ಮಜಾ ಇದೆ. ಆದರೆ ಅದು ಉಲ್ಟಾ ಅಲ್ಲ, ಬರೀ ಬೇರೆ. ಅಕ್ಕನ ಜೊತೆ ಆಡುವಾಗ ಹೀಗೆ ಮಾಡಿದ್ದರೆ ನಾನು ಔಟ್.

ಅಸಲಿ ಹಗ್ಗದ ಕಥೆಯೂ ಅಷ್ಟು ನೇರವಿಲ್ಲ. ವಂಡರ್ ವುಮನ್‌ಳನ್ನು 1941ರಲ್ಲಿ ಹುಟ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಃಶಾಸ್ತ್ರಜ್ಞ. ರಕ್ತದೊತ್ತಡ ಅಳೆದು ಸುಳ್ಳು ಹಿಡಿಯುವ ಪರೀಕ್ಷೆ ಮಾಡಿದವರು. ಹಾಗಾಗಿ ಸತ್ಯದ ಹಗ್ಗ ಅಲ್ಲಿಂದಲೇ ಬಂತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಶುರುವಿನಲ್ಲಿ ಆ ಹಗ್ಗ ಸತ್ಯಕ್ಕಷ್ಟೇ ಅಲ್ಲ. ಅದರಲ್ಲಿ ಸಿಕ್ಕವರು ಹಿಡಿದವಳ ಮಾತನ್ನೆಲ್ಲ ಕೇಳಬೇಕು. ಸತ್ಯ ಹೇಳು ಅಂದರೆ ಅದನ್ನೂ ಹೇಳಬೇಕು, ಅಷ್ಟೆ. ಅಂದ ಮೇಲೆ ಒಳ್ಳೆಯತನ ಇದ್ದದ್ದು ಹಗ್ಗದಲ್ಲಲ್ಲ, ಹಿಡಿದ ಕೈಯಲ್ಲಿ.

1985ರ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ಮೊದಲ ಸಂಚಿಕೆಯಲ್ಲೇ ಅರ್ತ್-3 ನಾಶ. ಆ ಭೂಮಿಯ ಒಬ್ಬನೇ ಒಳ್ಳೆಯವನು ಲೂಥರ್, ಮಾಮೂಲಿ ಕಥೆಗಳಲ್ಲಿ ಸೂಪರ್‌ಮ್ಯಾನ್‌ನ ಬದ್ಧವೈರಿ. ಅವನು ಮಗುವನ್ನು ರಾಕೆಟ್‌ನಲ್ಲಿ ಕಳಿಸಿ ಉಳಿಸುತ್ತಾನೆ. ಹೌದು, ಸೂಪರ್‌ಮ್ಯಾನ್ ಹುಟ್ಟಿದ ಕಥೆ, ಲೂಥರ್ ಮನೆಯಲ್ಲಿ. ನನಗೆ ಅಲ್ಲಿ ಹಗ್ಗದ ನೆನಪೂ ಆಗಲಿಲ್ಲ.

ಉತ್ತರ ಸಿಕ್ಕಿದ್ದು 2000ದಲ್ಲಿ ಬಂದ 'ಜೆಎಲ್ಎ: ಅರ್ತ್ 2'ನಲ್ಲಿ. ಬರೆದವರು ಗ್ರಾಂಟ್ ಮಾರಿಸನ್, ಚಿತ್ರ ಫ್ರಾಂಕ್ ಕ್ವೈಟ್ಲಿ. ಇದರಲ್ಲಿ ಹೊಸದಾಗಿ ಕಟ್ಟಿದ ಉಲ್ಟಾ ಭೂಮಿಯ ಜನಕ್ಕೆ ಹೃದಯ ಇರುವುದೇ ಬಲಗಡೆ. ಸೂಪರ್‌ವುಮನ್ ಹಗಲು ಪತ್ರಕರ್ತೆ, ಹೆಸರು ಲೋಯಿಸ್ ಲೇನ್, ಸೂಪರ್‌ಮ್ಯಾನ್‌ನ ಪ್ರೇಯಸಿಯದೇ ಹೆಸರು! ಔಲ್‌ಮ್ಯಾನ್ ಜೊತೆ ಅವಳ ಕಳ್ಳ ಸಂಬಂಧ ಬೇರೆ. ಇವಳ ಹಗ್ಗ ಸುಳ್ಳು ಹೇಳಿಸುವುದಿಲ್ಲ. ಮನಸ್ಸಿನ ಅಗುಳಿಯನ್ನು ಕಳಚಿಬಿಡುತ್ತದೆ. ಸಿಕ್ಕವರು ಯಾರಿಗೂ ಹೇಳಬಾರದು ಅಂತ ಇಟ್ಟುಕೊಂಡ ಗುಟ್ಟನ್ನು, ಹೇಳಿದರೆ ಮಾನ ಹೋಗುವಂಥದ್ದನ್ನು, ಬಾಯಿಬಿಡುತ್ತಾರೆ. ಅವಳು ನಿಂತು ಮಜಾ ತಗೊಳ್ಳುತ್ತಾಳೆ.

ಇಬ್ಬರ ಹಗ್ಗದಿಂದ ಬರುವುದೂ ನಿಜವೇ, ಅಲ್ವಾ? ಡಯಾನಾ, ಅಂದರೆ ವಂಡರ್ ವುಮನ್, ಕೇಳುವುದು ತನಗೆ ಗೊತ್ತಿಲ್ಲ ಅಂತ. ಬಾಂಬ್ ಎಲ್ಲಿದೆ, ಯಾರು ಕಳಿಸಿದರು. ಇವಳಿಗೆ ಆ ಉತ್ತರದಿಂದ ಆಗಬೇಕಾದ್ದು ಏನೂ ಇಲ್ಲ.

ಅಲ್ಲಿ ಪುಸ್ತಕ ಮಡಚಿಟ್ಟೆ. ನನಗೆ ನೆನಪಾದದ್ದು ಬಟ್ಟೆ ಒಣಹಾಕುವ ನೀಲಿ ನೈಲಾನ್ ಹಗ್ಗ. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು. ರಜೆಗೆ ಬಂದ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಆಟದಲ್ಲಿ ಅಕ್ಕನನ್ನು ಕಂಬಕ್ಕೆ ಕಟ್ಟಿದ್ದೆ, ಎರಡು ಸುತ್ತು, ಮೇಲೊಂದು ಗಂಟು. 'ನಿಜ ಹೇಳು, ರಾತ್ರಿ ಹೇಗೆ ಮಲಗ್ತೀಯ?' ಅಂದೆ. ಅವಳು ಮೊದಲು ನಕ್ಕಳು. ಆಮೇಲೆ ನನ್ನನ್ನೇ ನೋಡಿದಳು. ಹೇಳೋವರೆಗೂ ಬಿಚ್ಚಲ್ಲ ಅಂದೆ. ಕತ್ತಲೆ ಅಂದರೆ ಭಯ, ಅಮ್ಮನ ಕೈ ಹಿಡಿದೇ ಮಲಗ್ತೀನಿ ಅಂತ ಕೊನೆಗೆ ಹೇಳಿದಳು. ಎಲ್ಲರೂ ಹೋ ಅಂತ ನಕ್ಕರು. ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ನನಗೆ ಅದು ಗೊತ್ತಿರಲಿಲ್ಲವೇ?

2013ರಲ್ಲಿ ಶುರುವಾದ 'ಫಾರೆವರ್ ಈವಿಲ್'ನಲ್ಲಿ ಜೆಫ್ ಜಾನ್ಸ್ ಈ ಪಾತ್ರಕ್ಕೆ ಇನ್ನೊಂದು ತಿರುವು ಕೊಟ್ಟಿದ್ದಾರೆ. ಇದರಲ್ಲಿ ಅವಳು ಬಸುರಿ. ಮಗು ನಿನ್ನದೇ ಅಂತ ಅಲ್ಟ್ರಾಮ್ಯಾನ್‌ಗೂ ಹೇಳಿರುತ್ತಾಳೆ, ಔಲ್‌ಮ್ಯಾನ್‌ಗೂ ಹೇಳಿರುತ್ತಾಳೆ. ಅಪ್ಪ ಇಬ್ಬರೂ ಅಲ್ಲ, ಮೂರನೆಯವನು. ಆ ಹಗ್ಗವನ್ನು ಅವಳ ಕೈಗೇ ಒಂದು ಸುತ್ತು ಸುತ್ತಿದ್ದರೆ ಕಥೆ ಎರಡೇ ಪುಟಕ್ಕೆ ಮುಗಿಯುತ್ತಿತ್ತು. ಗುಟ್ಟು ಬಿಚ್ಚಿಸುವವರು ತಮ್ಮದನ್ನು ಎಷ್ಟು ಭದ್ರವಾಗಿ ಇಟ್ಟಿರುತ್ತಾರೆ ಅಂತ ನಗು ಬಂತು.

ಹೋದ ತಿಂಗಳು ಅಕ್ಕನಿಗೆ 'ಅರ್ತ್ 2' ಓದಲು ಕೊಟ್ಟೆ. ಅವಳಿಗೆ ಬೇರೆ ಎಲ್ಲಕ್ಕಿಂತ ಬಲಗಡೆಯ ಹೃದಯ ಇಷ್ಟವಾಯಿತಂತೆ. ಹಗ್ಗದ ಬಗ್ಗೆ ಅವಳಾಗಿ ಏನೂ ಹೇಳಲಿಲ್ಲ. ನಾನೇ ಸುಮ್ಮನಿರಲಾರದೆ, 'ನಾವೂ ಹಗ್ಗ ಕಟ್ಟಿ ಆಡ್ತಿದ್ವಲ್ಲ, ನೆನಪಿದೆಯಾ ಅಕ್ಕ?' ಅಂದೆ.

'ನೆನಪಿಲ್ದೆ ಏನು? ನಿನಗೆ ಗಂಟು ಬಿಚ್ಚೋಕೇ ಬರಲಿಲ್ಲ. ಅಮ್ಮ ಬಂದು ಕತ್ತರೀಲಿ ಕತ್ತರಿಸಿದ್ಲು. ಬೈಸಿಕೊಂಡಿದ್ದು ಮಾತ್ರ ನಾನು' ಅಂದಳು. ಮತ್ತೆ ಪುಟ ತಿರುಗಿಸಿದಳು.

ಇನ್ನೇನು ನೆನಪಿದೆ ಅಂತ ನಾನು ಕೇಳಲಿಲ್ಲ.