ಎಂಟು ಕ್ವಿಂಟಲ್ ತೊಗರಿದಾಗ ಒಂದು ಗೇಮಿಂಗ್ ಪಿಸಿ

"ಎಂಟು ಕ್ವಿಂಟಲ್ ನಿಂದು ತಮ್ಮಾ, ಅದರ ಮ್ಯಾಲ ಒಂದು ಕಾಳೂ ಕೇಳಬ್ಯಾಡ."

ಅಪ್ಪ ಹಿಂಗ ಅಂದಿದ್ದು 2025ರ ಜನವರಿ ಕೊನಿಗೆ, ತೊಗರಿ ರಾಶಿ ಮುಗ್ದು ಚೀಲ ಎಲ್ಲಾ ಪಡಸಾಲ್ಯಾಗ ಬಂದು ಕುಂತಿದ್ವು. ಆ ಹಂಗಾಮಿನ ಬೆಂಬಲ ಬೆಲಿ ಕ್ವಿಂಟಲ್‌ಗೆ 7,550 ರೂಪಾಯಿ, ಎಂಟರ್ಲೆ ಗುಣಿಸ್ರಿ, 60,400. ನಮ್ಮಪ್ಪಗ ರೊಕ್ಕ ರೊಕ್ಕದಾಗ ತಿಳಿಯಂಗಿಲ್ಲ, ತೊಗರಿದಾಗ ತಿಳಿತದ, ಬೈಕ್ ತಗೊಂಡಾಗೂ ಹಿಂಗೇ, ತಂಗಿ ಕಾಲೇಜ್ ಫೀಸಿಗೂ ಹಿಂಗೇ. ಹಂಗಾಗಿ ನಾನೂ ಇಲ್ಲಿ ಅಲ್ಲಲ್ಲಿ ಕ್ವಿಂಟಲ್ ಲೆಕ್ಕಾನೇ ಹಾಕೀನಿ, ಬೇಜಾರಾಗಬ್ಯಾಡ್ರಿ.

ಹಳೇ ಕಂಪ್ಯೂಟರ್ ಹ್ಯಾಂಗ ಹೋಯ್ತು ಅನ್ನೋದು ಮೊದ್ಲ ಹೇಳ್ಬೇಕು, ಯಾಕಂದ್ರ ಮುಂದಿಂದೆಲ್ಲಾ ಅದರ ಮ್ಯಾಲೇ ನಿಂತದ. 2024ರ ಮೇ ತಿಂಗಳು. ಕಲಬುರಗಿ ಮೇ ಅಂದ್ರ ನಿಮಗ ಗೊತ್ತೇ ಅದ, 42-43 ಡಿಗ್ರಿ, ಫ್ಯಾನ್ ಹಾಕಿದ್ರ ಬಿಸಿ ಗಾಳಿ, ಓಣ್ಯಾಗ ಎಲ್ಲರ ಮನ್ಯಾಗೂ ಕೂಲರ್ ಓಡ್ಲತ್ತಿದ್ವು, ಸಂಜಿ ಆದ್ರ ವೋಲ್ಟೇಜ್ ಮ್ಯಾಲ ಕೆಳಗ. ಒಂದು ಲಗ್ನದ ವಿಡಿಯೋ ಎಕ್ಸ್‌ಪೋರ್ಟಿಗಿ ಇಟ್ಟು ಊಟಕ್ಕ ಕುಂತೀನಿ, ರೊಟ್ಟಿ ಮುರ್ದು ಇನ್ನಾ ಬಾಯಾಗ ಇಟ್ಟಿಲ್ಲ, ಒಳಗಿನ ಖೋಲ್ಯಾಗ ಫಟ್ ಅಂತ ಸಪ್ಪಳ, ಹಿಂದೇ ಸುಟ್ಟ ವಾಸನಿ. ಎಸ್‌ಎಂಪಿಎಸ್, ಅಂದ್ರ ಒಳಗಿನ ಸಾಮಾನಿಗೆಲ್ಲಾ ಕರೆಂಟ್ ಹಂಚೋ ಪೆಟ್ಟಿಗಿ, ಹೋಗಿತ್ತು, ಹೋಗೋವಾಗ ಮದರ್‌ಬೋರ್ಡಿಗೂ ಜೋಡಿ ಕರ್ಕೊಂಡು ಹೋಗಿತ್ತು. ಕ್ಯಾಬಿನೆಟ್ ತಗೊಂಡಾಗ ಫುಕಟ್ ಬಂದಿದ್ದು ಅದು, ಮ್ಯಾಲ 450 ವ್ಯಾಟ್ ಅಂತ ಸ್ಟಿಕರ್ ಇತ್ತು, ಕೈಯಾಗ ಹಿಡಿದ್ರ ಖಾಲಿ ಡಬ್ಬಿಯಂಗ ಹಗುರ. ಆ ಲಗ್ನದ ಮನಿಯವರಿಗೆ ಮುಂದ ಒಂದು ತಿಂಗಳು ನಾ ಏನೇನು ಸುಳ್ಳು ಹೇಳೀನಿ ಅನ್ನೋದು ಬ್ಯಾಡ ಬಿಡ್ರಿ.

ಅದ್ಕ ಈ ಸಲ ಲೆಕ್ಕ ಉಲ್ಟಾ ಹಚ್ಚಿದೆ. ನಮ್ಮ ಗೆಳ್ಯಾರೆಲ್ಲಾ ಗೇಮಿನ ಚಿತ್ರ ಮೂಡಸೋ ಗ್ರಾಫಿಕ್ ಕಾರ್ಡ್‌ನಿಂದ ಶುರು ಮಾಡ್ತಾರ, ಕೊನಿಗೆ ಉಳಿದ ಚಿಲ್ಲರಿದಾಗ ಎಸ್‌ಎಂಪಿಎಸ್ ತರ್ತಾರ. ನಾ ಗ್ವಾಡ್ಯಾಗಿನ ಪ್ಲಗ್‌ನಿಂದ ಶುರು ಮಾಡ್ದೆ.

ಹಳೇ ಡಬ್ಬಿ ಬರಿಗಾಲಿಲೆ ನಿಂತು ಮುಟ್ಟಿದ್ರ ಝುಮ್ ಅಂತಿತ್ತು, ನಾವು ಅದ್ಕ ಚಪ್ಲಿ ಹಾಕ್ಕೊಂಡು ಕೂಡೋದು ರೂಢಿ ಮಾಡ್ಕೊಂಡಿದ್ವಿ, ಅಷ್ಟೇ. ಕರೆಂಟಿನ ಕಾಕಾ ಬಂದು ಫೇಸಿಗೂ ಅರ್ಥಿಂಗಿಗೂ ನಡುಕ ಬಲ್ಬ್ ಹಿಡ್ದು ನೋಡ್ದ, ಬಲ್ಬ್ ಹತ್ತಿದ್ರ ಹತ್ತಿತು ಇಲ್ಲಂದ್ರ ಇಲ್ಲ ಅನ್ನಂಗ ಮಿಣಕ್ ಅಂತು. "ಇದು ಅರ್ಥಿಂಗ್ ಅಲ್ಲ ತಮ್ಮಾ, ಬರೇ ಹಸರು ವೈರ್" ಅಂದ. ವಿಷಯ ಏನಂದ್ರ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸಣ್ಣಗ ಕರೆಂಟ್ ಬಾಡಿಗೆ ಬರ್ತದ, ಅದು ಅರ್ಥಿಂಗ್ ಹಿಡ್ದು ಮಣ್ಣಿಗೆ ಹೋಗ್ಬೇಕು, ದಾರಿ ಇಲ್ಲಂದ್ರ ಡಬ್ಬಿ ಮ್ಯಾಲೇ ನಿಂದಿರ್ತದ, ನೀವು ಮುಟ್ಟಿದಾಗ ನಿಮ್ಮ ಮೈಯೇ ದಾರಿ. ಹಿತ್ತಲದಾಗ ಹೊಸ ತಗ್ಗು ತೋಡಿಸಿ ಉಪ್ಪು ಇದ್ದಲಿ ಹಾಕಿ ಹೊಸ ಅರ್ಥಿಂಗ್ ಮಾಡಿಸ್ದೆ. ಬ್ಯಾಸಗ್ಯಾಗ ಮಣ್ಣು ಒಣಗಿದ್ರ ಮತ್ತ ಕೆಲಸ ಮಾಡಂಗಿಲ್ಲ, ಅದ್ಕ ಎರಡು ದಿನಕ್ಕೊಮ್ಮಿ ಒಂದು ಕೊಡ ನೀರು ಹಾಕ್ಬೇಕು ಅಂದಾನ. ಈ ಖರ್ಚು ಮನಿದು, ನಿನ್ನ ಕ್ವಿಂಟಲ್‌ದಾಗಿಂದಲ್ಲ ಅಂತ ಅಪ್ಪ ಒಪ್ಕೊಂಡ, ನಂದು ಮೊದಲ ಗೆಲುವು ಅದು.

ಆಮ್ಯಾಲ ವ್ಯಾಟಿನ ಲೆಕ್ಕ. ಪ್ರೊಸೆಸರ್ ಪೂರಾ ದಮ್ ಹಾಕಿದ್ರ 117 ವ್ಯಾಟ್, ಕಾರ್ಡ್ 132 ವ್ಯಾಟ್ (ಯಾವ್ ಪ್ರೊಸೆಸರ್ ಯಾವ್ ಕಾರ್ಡ್ ಅಂತ ಮುಂದ ಹೇಳ್ತೀನಿ, ಇಲ್ಲೂ ಉಲ್ಟಾ), ಬೋರ್ಡ್ ಫ್ಯಾನ್ ಡಿಸ್ಕ್ ಎಲ್ಲಾ ಸೇರಿ ಒಂದು ಐವತ್ತು ಹಿಡೀರಿ, 300 ಆಯ್ತು. 550 ವ್ಯಾಟ್‌ದು ಛಲೋ ಕಂಪನಿದು 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್ ಸಾಕೇ ಸಾಕು. ಆದ್ರ ಒಂದು ಮಾತು, ಆ ಬ್ರಾಂಜ್ ಅನ್ನೋ ಬಿಲ್ಲಿ ಬರೇ ಎಷ್ಟು ಕರೆಂಟ್ ಬಿಸಿಯಾಗಿ ಹಾಳಾಗ್ತದ ಅನ್ನೋದು ಹೇಳ್ತದ, ಅರ್ಧ ಲೋಡಿನ್ಯಾಗ 85 ಪರ್ಸೆಂಟ್ ಕೆಲಸಕ್ಕ ಬರ್ತದ ಉಳಿದದ್ದು ಬಿಸಿ, ಅಷ್ಟೇ. ವೋಲ್ಟೇಜ್ ಏರಿದ್ರ ತನ್ನಷ್ಟಕ್ಕ ಬಂದ್ ಆಗೋ ಪ್ರೊಟೆಕ್ಷನ್ ಅದಾವೋ ಇಲ್ಲೋ ಅದ್ಕ ಗೊತ್ತಿಲ್ಲ. ಅದು ಬ್ಯಾರೆ ನೋಡ್ಬೇಕು, ರಿವ್ಯೂ ಓದ್ಬೇಕು, ವಾರಂಟಿ ಐದು ವರ್ಷ ಕೊಡವ್ರು ಸಾಮಾನ್ಯಕ್ಕ ಹಗುರ ಡಬ್ಬಿ ಕೊಡಂಗಿಲ್ಲ. ನಂದು 4,300 ಆಯ್ತು, ಅರ್ಧ ಕ್ವಿಂಟಲ್‌ಗಿಂತ ಜರಾ ಜಾಸ್ತಿ.

ಯುಪಿಎಸ್ ಬಗ್ಗಿ ಅಂಗಡಿಯವ್ರೆಲ್ಲಾ 600 ವಿಎ ತಗೊಂಡು ಹೋಗು ಅಂತಾರ. ವಿಎ ಅಂದ್ರ ವ್ಯಾಟ್ ಅಲ್ರಿ, ಅಂಥಾವು ಬಾಳಾನುಬಾಳ 360 ವ್ಯಾಟ್‌ದವು. ನನ್ನ 300 ಜೋಡಿ ಮಾನಿಟರ್ ಕೂಡಿಸಿದ್ರ ಕುತ್ತಿಗಿಗೆ ಬಂತು, ಗೇಮ್ ನಡದಾಗ ಲೈಟ್ ಹೋದ್ರ ಕೀಂಯ್ ಅಂತ ಒದ್ರಿ ಅದೂ ಬಂದ್. ನಾ 1,000 ವಿಎ, 600 ವ್ಯಾಟ್‌ದು ತಗೊಂಡೆ, 5,800. ಮನ್ಯಾಗ ಇನ್ವರ್ಟರ್ ಇದ್ದವ್ರು ಹಿಂದ ಒಂದು ಸಣ್ಣ ಸ್ವಿಚ್ ಇರ್ತದ ನೋಡ್ರಿ, ಯುಪಿಎಸ್ ಮೋಡಿಗೆ ಹಾಕಿದ್ರ ಲಗೂನ ಬದಲಾಗ್ತದ, ಎಷ್ಟೋ ಕಂಪ್ಯೂಟರ್ ಅದರ ಮ್ಯಾಲೇ ನಿಂದಿರ್ತಾವ, ಮೊದ್ಲ ಅದು ಟ್ರೈ ಮಾಡ್ರಿ.

ಅಲ್ಲಿಗೆ ಒಂದೂ ಗೇಮ್ ಓಡಿಲ್ಲ, ಹತ್ತು ಸಾವಿರ ಹೋಯ್ತು. ಗೆಳ್ಯಾ ಒಬ್ಬಾವ "ಲೇ ನೀ ಕಂಪ್ಯೂಟರ್ ತಗೊಳ್ಳತ್ತಿಯೋ ಸಬ್‌ಸ್ಟೇಷನ್ ಕಟ್ಟಸ್ಲತ್ತಿಯೋ" ಅಂದ.

ಈಗ ಒಳಗಿನ ಸಾಮಾನು. ನಮ್ಮ ಊರಿನ ಸೂಪರ್ ಮಾರ್ಕೆಟ್ ಏರಿಯಾ ಕಡಿ ಒಂದು ಅಂಗಡ್ಯಾಗ ಹೋಗಿ ಕೇಳಿದೆ, ಭಾಯ್ ಕಣ್ಣು ಪಿಳಕಸ್ದೆ ಹೇಳ್ದ, ಐ7 ಗೇಮಿಂಗ್ ಸೆಟ್, 16 ಜಿಬಿ ರ‍್ಯಾಮ್, ಲೈಟ್ ಹತ್ತೋ ಕ್ಯಾಬಿನೆಟ್, 28 ಸಾವಿರ, ಇವತ್ತೇ ಒಯ್ಯಿ. ಯಾವ ಐ7 ಭಾಯ್ ಅಂದ್ರ ಐ7 ಅಂದ್ರ ಐ7 ಅಂದ. ಓಪನ್ ಮಾಡಿ ತೋರ್ಸು ಅಂದಮ್ಯಾಲ ಗೊತ್ತಾಯ್ತು, ಇಂಟೆಲ್‌ದು ಐ7 3770 ಪ್ರೊಸೆಸರ್, ಅಂದ್ರ 2012ದು, ನಾಕು ಕೋರ್. ಇವತ್ತಿನ ಐ5 ಮುಂದ ಅದು ಅಜ್ಜ. ವಿಂಡೋಸ್ 11 ಇಂಟೆಲ್‌ದು 8ನೇ ಜನರೇಷನ್‌ಗಿಂತ ಹಳೇದಕ್ಕ ಸಾಮಾನ್ಯಕ್ಕ ಒಪ್ಪಂಗಿಲ್ಲ, ವಿಂಡೋಸ್ 10 ಸಪೋರ್ಟ್ ಅಕ್ಟೋಬರ್ 2025ಕ್ಕ ಮುಗಿತದ ಅಂತ ಆಗಲೇ ಹೇಳಿಟ್ಟಿದ್ರು. ಐ7 ಅನ್ನೋ ಹೆಸರಿಗೆ ಮರುಳಾಗಿ ಎಷ್ಟು ಮಂದಿ ಒಯ್ದಾರೋ. ಭಾಯ್ ಚಹಾ ಮಾತ್ರ ಛಲೋ ಕುಡ್ಸಿದ, ಅದು ಒಪ್ಪಬೇಕು.

ನಮ್ಮ ಮನ್ಯಾಗ ಈ ಡಬ್ಬಿಗೆ ನಾಕು ಮಂದಿ ಮಾಲಕರು. ಹಗಲು ನನ್ನ ಲಗ್ನದ ವಿಡಿಯೋ ಎಡಿಟಿಂಗ್, ಸಂಜಿಕ ತಂಗಿದು ಆಟೋಕ್ಯಾಡ್, ಅಕಿ ಸಿವಿಲ್ ಓದ್ಲತ್ತಾಳ, ಅಪ್ಪಗ ಪಹಣಿ ನೋಡೋದು ತೊಗರಿ ರೇಟ್ ನೋಡೋದು, ಅವ್ವಗ ಪ್ರವಚನ. ರಾತ್ರಿ ಹತ್ತರ ಮ್ಯಾಲ ಕೌಂಟರ್ ಸ್ಟ್ರೈಕ್ 2, ಜಿಟಿಎ 5. ಬರೇ ಗೇಮ್ ಆಗಿದ್ರ ಕಣ್ಣು ಮುಚ್ಚಿ ಎಎಂಡಿದು ರೈಜೆನ್ 5 5600 ಪ್ರೊಸೆಸರ್ ತಗೋತಿದ್ದೆ, ಆರು ಕೋರ್, ಅದು ಕೂಡೋ ಹಳೇ ಎಎಂ4 ಬೋರ್ಡ್ ಅಗ್ಗ, ಡಬ್ಬ್ಯಾಗೇ ಕೂಲರ್ ಬರ್ತದ. ಆದ್ರ ಅದ್ರಾಗ ಒಳಗ ಗ್ರಾಫಿಕ್ಸ್ ಇಲ್ಲ, ಅಂದ್ರ ಕಾರ್ಡ್ ಇಲ್ಲದೆ ಪರದಿ ಮ್ಯಾಲ ಚಿತ್ರ ಬರಂಗಿಲ್ಲ. ಇಂಟೆಲ್ ಐ5 12400ದಾಗ ಅದ, ಅದೇ 12400 ಎಫ್ ತಗೊಂಡ್ರ ಇಲ್ಲ, ಮೂರು ಸಾವಿರ ಉಳಿತಿತ್ತು, ಅದ್ಕ ಎಲ್ಲರೂ ಎಫ್ ತಗೋ ಎಫ್ ತಗೋ ಅಂತಿದ್ರು.

ನಾ ಎಫ್ ಇಲ್ಲದ್ದೇ ತಗೊಂಡೆ. ಎರಡು ಕಾರಣ. ಒಂದು, ಈಗಿನ ಕ್ಯಾಮೆರಾದವರು ತಂದು ಕೊಡೋ ಫೈಲ್ 10 ಬಿಟ್ 4:2:2 ಎಚ್‌ಇವಿಸಿ (ಬಣ್ಣ ಜಾಸ್ತಿ ಹಿಡ್ದು ಬಿಗಿಯಾಗಿ ಒತ್ತಿಟ್ಟ ವಿಡಿಯೋ), ಅದನ್ನ ಟೈಮ್‌ಲೈನ್‌ದಾಗ ಹಾಕಿ ಪ್ಲೇ ಒತ್ತಿದ್ರ ನನ್ನ ಬಜೆಟಿನ ಎನ್‌ವಿಡಿಯಾ, ಎಎಂಡಿ ಯಾವ ಕಾರ್ಡೂ, ಎನ್‌ವಿಡಿಯಾ 30 ಸಿರೀಸ್ 40 ಸಿರೀಸ್ ಆಗ್ಲಿ ಎಎಂಡಿ 6000 ಸಿರೀಸ್ ಆಗ್ಲಿ, ಹಾರ್ಡ್‌ವೇರ್‌ನ್ಯಾಗ ಡಿಕೋಡ್ ಮಾಡಂಗಿಲ್ಲ, ಅಂದ್ರ ಬಿಚ್ಚಿ ತೋರ್ಸಂಗಿಲ್ಲ, ಆದ್ರ ಇಂಟೆಲ್ ಒಳಗಿನ ಆ ಸಣ್ಣ ಗ್ರಾಫಿಕ್ಸ್ ಕ್ವಿಕ್‌ಸಿಂಕ್ ಅಂತ ಅದನ್ನ ನೀರು ಕುಡದಂಗ ಮಾಡ್ತದ. ನಂಗ ಅನ್ನ ಕೊಡೋದು ಗೇಮ್ ಅಲ್ಲಲ್ರಿ, ಅದು. ಎರಡನೇದು ನಮ್ಮ ಊರಿಂದು. ಕಾರ್ಡ್ ಕೆಟ್ರ ಸರ್ವಿಸ್‌ಗೆ ಪಾರ್ಸಲ್ ಮಾಡಿ ಹೊರಗಿನ ಊರಿಗೆ ಕಳಸ್ಬೇಕು, ಎರಡು ವಾರ ಮೂರು ವಾರ, ಹಬ್ಬ ಬಂದ್ರ ದೇವರೇ ಗತಿ. ಅಷ್ಟು ದಿನ ಪರದಿ ಕರ್ರಗ ಇಟ್ಕೊಂಡು ಕೂಡೋದು ಎಡಿಟಿಂಗ್ ಮಾಡವ್ರಿಗೆ ನಡೆಯಂಗಿಲ್ಲ. ಪ್ರೊಸೆಸರ್‌ನಾಗ ಗ್ರಾಫಿಕ್ಸ್ ಇತ್ತಂದ್ರ ಗೇಮ್ ನಿಲ್ತದ, ಕೆಲಸ ನಿಲ್ಲಂಗಿಲ್ಲ. 13,500. ಬೋರ್ಡ್ ಬಿ660, ಡಿಡಿಆರ್4, ನಾಕು ರ‍್ಯಾಮ್ ಸ್ಲಾಟ್ ಇರೋದು ಹುಡ್ಕಿ ತಗೊಂಡೆ, 9,200.

ಕಾರ್ಡಿನ ಕತಿ ಉದ್ದ ಅದ. ಮನಸ್ಸು ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಮ್ಯಾಲ ಇತ್ತು, ಮೂರೂಮುಕ್ಕಾಲು ಕ್ವಿಂಟಲ್, ಅಪ್ಪಗ ಹೇಳೋ ಧೈರ್ಯ ಆಗ್ಲಿಲ್ಲ. ಸೆಕೆಂಡ್ ಹ್ಯಾಂಡ್ ನೋಡ್ದೆ, ಆರ್‌ಎಕ್ಸ್ 580 ಎಲ್ಲಿ ನೋಡಿದ್ರೂ ಇದ್ವು ಆರು ಸಾವಿರ ಏಳು ಸಾವಿರಕ್ಕ, ಅವ್ರಾಗ ಬಹಳಷ್ಟು ಸೆಪ್ಟೆಂಬರ್ 2022ರಾಗ ಇಥೀರಿಯಂ ಮೈನಿಂಗ್ (ಹಗಲು ರಾತ್ರಿ ಕಾರ್ಡ್ ದುಡಿಸಿ ಡಿಜಿಟಲ್ ರೊಕ್ಕ ಗಳಿಸೋದು) ಬಂದ್ ಆದಮ್ಯಾಲ ಹೊರಗ ಬಂದ ದುಡಿದು ಹೈರಾಣಾದ ಎತ್ತುಗಳು, ಮತ್ತ ಅದ್ರಾಗ 2048 ಎಸ್‌ಪಿ ಅಂತ ಒಂದು ಕಳ್ಳ ಜಾತಿ ಬ್ಯಾರೆ ಅದ, ಹೆಸರು 580, ಒಳಗ ಕೋರ್ 2304 ಇರ್ಬೇಕಾದಲ್ಲಿ 2048. ಆರ್‌ಎಕ್ಸ್ 6500 ಎಕ್ಸ್‌ಟಿ ಹೊಸದು ಅಗ್ಗ ಸಿಗ್ತಿತ್ತು, ಆದ್ರ 4 ಜಿಬಿ, ಎಕ್ಸ್‌ಪೋರ್ಟ್ ಲಗೂನ ಮಾಡೋ ವಿಡಿಯೋ ಎನ್‌ಕೋಡರ್ ತೆಗದೇ ಬಿಟ್ಟಾರ, ನನ್ನಂಥಾವಗ ಅದು ಕೈ ಇಲ್ಲದ ಆಳು. ಆರ್‌ಟಿಎಕ್ಸ್ 3050 ರೇಟ್ ಹತ್ತಿರ ಹತ್ತಿರ ಆರ್‌ಎಕ್ಸ್ 6600ದ್ದೇ, ಗೇಮ್‌ನಾಗ ಅದಕ್ಕಿಂತ ಹಿಂದ. ತಂಗಿ ಏನರ ಬ್ಲೆಂಡರ್‌ದಾಗ ರೆಂಡರ್ ಮಾಡಕ್ಕಿ ಇದ್ಳಂದ್ರ ನಾ ಎನ್‌ವಿಡಿಯಾಕ್ಕೇ ಹೋಗ್ತಿದ್ದೆ, ಅಲ್ಲಿ ಎಎಂಡಿದು ಆಟ ನಡೆಯಂಗಿಲ್ಲ. ಅಕಿದು ಬರೇ ಗೆರಿ ಎಳಿಯೋ ಕೆಲಸ. ಹಂಗಾಗಿ ಎಎಂಡಿದು ಆರ್‌ಎಕ್ಸ್ 6600, 8 ಜಿಬಿ, 19,500ಕ್ಕ. ಫುಲ್ ಎಚ್‌ಡಿ ಮಾನಿಟರ್‌ಗೆ ಇದಕ್ಕಿಂತ ಜಾಸ್ತಿ ಬೇಡೋದು ಬರೇ ಆಸಿ. ಬೇಕಾಗಿರೋದು 132 ವ್ಯಾಟ್, ಬ್ಯಾಸಗ್ಯಾಗ ಆ ಖೋಲ್ಯಾಗ ಕೂಡೋನು ನಾನೇ, ಕಾರ್ಡ್ ತಿಂದ ಒಂದೊಂದು ವ್ಯಾಟೂ ಬಿಸಿಯಾಗಿ ನನ್ನ ಮಾರಿಗೇ ಬರ್ತದ.

ಕ್ಯಾಬಿನೆಟ್ ಮುಂದ ಗಾಜು ಇರೋದು ಬ್ಯಾಡ್ರಿ, ನೋಡ್ಲಿಕ್ಕ ಚಂದ, ಗಾಳಿ ಎಲ್ಲಿಂದ ಹೋಗ್ಬೇಕು. ಜಾಳಿಗಿ ಇರೋದು ತಗೋರಿ. ಖೋಲಿ ಹತ್ತು ಡಿಗ್ರಿ ಬಿಸಿ ಆದ್ರ ಒಳಗಿನ ಸಾಮಾನೂ ಹೆಚ್ಚು ಕಡಿಮಿ ಅಷ್ಟೇ ಬಿಸಿ ಆಗ್ತಾವ, ಬೆಂಗಳೂರಾಗ ಕುಂತು 70 ಡಿಗ್ರಿ ಬಂತು ಅನ್ನವರ ವಿಡಿಯೋ ನೋಡಿ ನಾವು ಲೆಕ್ಕ ಹಾಕಬಾರ್ದು. ಫರಸಿ ತಣ್ಣಗ ಇರ್ತದ ಅಂತ ನೆಲಕ್ಕ ಇಟ್ರ ಧೂಳ ಎಲ್ಲಾ ಅಲ್ಲೇ, ಸ್ಟೂಲ್ ಮ್ಯಾಲ ಇಡ್ರಿ, ತಿಂಗಳಿಗೊಮ್ಮಿ ಪೇಂಟ್ ಬ್ರಷ್‌ಲೆ ಜಾಡಸ್ರಿ. 3,700.

ರ‍್ಯಾಮ್ 8 ಜಿಬಿದು ಎರಡು, 16ದ್ದು ಒಂದೇ ಅಲ್ಲ, ಜೋಡಿ ಎತ್ತು ಇದ್ರನೇ ಬಂಡಿ ಸೀದಾ ಹೋಗ್ತದ. 3,300 ಆಗಿತ್ತು ನಂಗ. ಆ ರೇಟ್ ಹಿಡ್ಕೊಂಡು ಈಗ ಅಂಗಡಿಗೆ ಹೋಗಿ ಜಗಳ ಮಾಡಬ್ಯಾಡ್ರಿ, 2025ರ ಕೊನಿಕೊನಿಗೆ ಎಐ ಸರ್ವರ್ ಕಟ್ಟವ್ರು ಮೆಮರಿ ಎಲ್ಲಾ ಬಳ್ಕೊಂಡು ಹೋಗಿ ರ‍್ಯಾಮ್ ರೇಟ್ ಮುಗಿಲು ಮುಟ್ಯಾದ. ಎಸ್‌ಎಸ್‌ಡಿ ಎನ್‌ವಿಎಂಇ 1 ಟಿಬಿ, 5,200. ಹಳೇ ಹಾರ್ಡ್‌ಡಿಸ್ಕ್, ಹಳೇ ಮಾನಿಟರ್ ಬದುಕಿದ್ವು, ಅವೇ ಮುಂದುವರದ್ವು.

ಪ್ರೊಸೆಸರ್, ಬೋರ್ಡ್, ಕಾರ್ಡ್ ತರ್ಲಿಕ್ಕ ಸಿಕಂದರಾಬಾದ್‌ಗೆ ಹೋದೆ, ಮುಂಜಾನಿ ಟ್ರೇನ್, ವಾಡಿ, ತಾಂಡೂರು ದಾಟಿ, ಸೀದಾ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರೂ ಸಿಟಿಸಿ ಅಂತಾರ. ಅಲ್ಲಿ ಕನ್ನಡ ಬ್ಯಾಡ, ನಮ್ಮ ಕಲಬುರಗಿ ಹಿಂದಿ ಸಾಕು, ಅವರದೂ ಹಂಗೇ ಅದ. ನಾಕು ಅಂಗಡಿ ತಿರಗಿ ಜಿಎಸ್‌ಟಿ ಬಿಲ್ ಜೋಡಿ ತಗೊಂಡೆ, ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀನಿ ಅಂದವ್ರಿಗೆ ಕೈ ಮುಗ್ದೆ, ಬಿಲ್ ಇಲ್ಲಂದ್ರ ವಾರಂಟಿ ಇಲ್ಲ. ಉಳಿದದ್ದು ಊರಾಗೇ. ಒಟ್ಟು 64,500, ಅಂದ್ರ ಎಂಟೂವರಿ ಕ್ವಿಂಟಲ್. ಹೆಚ್ಚಾದ ಅರ್ಧ ಕ್ವಿಂಟಲ್ ಒಂದು ಲಗ್ನದ ಅಡ್ವಾನ್ಸ್‌ದಾಗ ಮುಚ್ಚಿದೆ.

ಜೋಡಿಸಿದ್ದು ನಾನೇ, ರಾತ್ರಿ ಎರಡಾಯ್ತು. ಕ್ವಿಕ್‌ಸಿಂಕ್ ಬೇಕಲ್ಲ ಅಂತ ಬಯೋಸ್‌ನಾಗ (ಬೋರ್ಡಿನ ಮೂಲ ಸೆಟ್ಟಿಂಗ್) ಒಳಗಿನ ಗ್ರಾಫಿಕ್ಸ್ ಆನ್ ಮಾಡ್ದೆ. ನೆಟ್ ಪ್ಯಾಕ್ ಮುಗ್ದಿತ್ತು, ಕಾರ್ಡ್ ನಡಸೋ ಎಎಂಡಿ ಡ್ರೈವರ್ ಸಾಫ್ಟ್‌ವೇರ್ ನಾಳಿ ಹಾಕಿದ್ರಾಯ್ತು ಅಂತ ಬಿಟ್ಟು, ಗೆಳ್ಯಾನ ಡಿಸ್ಕಿಂದ ಗೇಮ್ ಕಾಪಿ ಮಾಡ್ಕೊಂಡು ಶುರು ಹಚ್ಚಿದೆ. ಆಮ್ಯಾಲ ಆ ನಾಳಿ ಬರ್ಲೇ ಇಲ್ಲ, ಮರ್ತೇ ಹೋಯ್ತು. ಜಿಟಿಎ ಓಡ್ಲತ್ತಿತ್ತು ಆದ್ರ ಲಗ್ನದ ಆಲ್ಬಮ್ ಹಾಳಿ ತಿರುವಿದಂಗ. ಮೂರು ದಿನ ಸೆಟ್ಟಿಂಗ್ ಕಡಿಮಿ ಮಾಡ್ಕೋತ ಕುಂತೆ. ಒಂದು ಖುಷಿ ಏನಂದ್ರ ಕಾರ್ಡ್ ಫ್ಯಾನ್ ತಿರಗ್ಲೇ ಇಲ್ಲ, "ನೋಡ್ರಿ ಎಷ್ಟು ತಣ್ಣಗ ಅದ, ಸಪ್ಪಳೇ ಇಲ್ಲ" ಅಂತ ಬಂದವರಿಗೆಲ್ಲಾ ತೋರ್ಸಿದ್ದೇ ತೋರ್ಸಿದ್ದು.

ಮೂರನೇ ದಿನ ತಂಗಿ ಪೆನ್‌ಡ್ರೈವ್ ಹಾಕ್ಲಿಕ್ಕ ಹಿಂದ ಬಗ್ಗಿದಾಕಿ, "ಅಣ್ಣಾ, ಮಾನಿಟರ್ ವೈರ್ ಮದರ್‌ಬೋರ್ಡಿಗೆ ಹಾಕೀ ಅಲ್ಲ, ಕಾರ್ಡಿಂದು ಹೋಲ್ ಕೆಳಗ ಖಾಲಿ ಅದಾವ" ಅಂದ್ಳು.

ಅಪ್ಪ ಬಾಗಲದಾಗ ನಿಂತು ಕೇಳ್ಲತ್ತಿದ್ದ. ಏನಾಯ್ತು ಅಂದ. ತಂಗಿ ಬಿಡಿಸಿ ಹೇಳಿದ್ಳು, ಗೇಮ್ ಎಳದಿದ್ದು ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್, ಕಾರ್ಡ್ ಅಲ್ಲ ಅಂತ. ಅಪ್ಪ ಬಾಯಾಗಿನ ಎಲಿ ಅಡಿಕಿ ಒಂದು ಕಡಿ ಮಾಡ್ಕೊಂಡು, "ಅಂದ್ರ ಎರಡೂವರಿ ಕ್ವಿಂಟಲ್ ತೊಗರಿ ಮೂರು ದಿನ ಖಾಲಿ ಕುಂತಿತ್ತೇನೋ?" ಅಂದ.